ಇಪ್ಪತ್ತನಾಲ್ಕು ಗೀಟಿನ ಬಾಟಲಿ

ರೋಗ ವಾಸಿಯಾಗದಿದ್ದರೆ ಜನ ಕ್ಷಮಿಸುತ್ತಾರೆ. ಔಷಧ ಕೊಡದಿದ್ದರೆ ಕ್ಷಮಿಸುವುದಿಲ್ಲ. ಗಜೇಂದ್ರಗಡದ ಒಂದು ಖಾಸಗಿ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಂಪೌಂಡರನಾಗಿ ನಿಂತು ನಾನು ಸಂಪಾದಿಸಿದ ಜ್ಞಾನ ಇಷ್ಟೇ. ನಮ್ಮಲ್ಲಿ ಜ್ವರಕ್ಕೆ ಕೆಂಪು ಔಷಧ, ಹೊಟ್ಟೆಗೆ ಹಳದಿ, ಬಣ್ಣ ತೀರಿಹೋದ ದಿನ ಎಲ್ಲಕ್ಕೂ ಬಿಳಿ. ಕಹಿ ಮಾತ್ರ ಯಾವತ್ತೂ ತೀರಲಿಲ್ಲ. ಎಲ್ಲವೂ ನೀರೇ ಆಗಿತ್ತೆಂದರೆ ಉಂಡ ಅನ್ನಕ್ಕೆ ದ್ರೋಹ ಬಗೆದಂತಾದೀತು. ನಿಜವಾದ ಔಷಧಗಳೂ ಇದ್ದವು, ಕೆಲಸವನ್ನೂ ಮಾಡುತ್ತಿದ್ದವು; ಆದರೆ ಅವು ಚಿಕ್ಕ ಬಿಳಿ ಗುಳಿಗೆಗಳಾದ್ದರಿಂದ ಊರಿನವರಿಗೆ ಅವುಗಳ ಮೇಲೆ ಅಷ್ಟಾಗಿ ವಿಶ್ವಾಸವಿರಲಿಲ್ಲ. ಬಾಟಲಿಯನ್ನು ರೋಗಿಯೇ ಮನೆಯಿಂದ ತರಬೇಕು. ನಾನು ಔಷಧ ತುಂಬಿ, ಹೊರಗೆ ಒಂದು ಕಾಗದದ ಪಟ್ಟಿ ಅಂಟಿಸಬೇಕು. ಪಟ್ಟಿಯ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿರಬೇಕು. ಒಂದು ಹಲ್ಲಿಗೆ ಒಂದು ಗೀಟು, ಒಂದು ಗೀಟಿಗೆ ಒಂದು ಸಲದ ಔಷಧ. ಸಾಮಾನ್ಯವಾಗಿ ಎಂಟು ಗೀಟು. ಈ ಪಟ್ಟಿ ಕತ್ತರಿಸುವ ಕೆಲಸ ನಮ್ಮ ಮನೆಯಾಕೆ ಗೌರವ್ವನದು. ಮಧ್ಯಾಹ್ನ ಅಡುಗೆಮನೆ ತೊಳೆದ ಮೇಲೆ ಹಿಟ್ಟಿನ ಅಂಟು ಕಾಸಿ, ಕತ್ತರಿ ಹಿಡಿದು ಕೂತಳೆಂದರೆ ದರ್ಜಿಗಳು ನಾಚಬೇಕು.

ಐವತ್ತೇಳರ ಮಳೆಗಾಲದಲ್ಲಿ ಆ ಹೊಸ ಜ್ವರ ಬಂದಿತು. ರೋಣದಲ್ಲಿ ಬಂದಿದೆಯಂತೆ ಎನ್ನುವಷ್ಟರಲ್ಲಿ ನಮ್ಮಲ್ಲೇ ಇತ್ತು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಂತು ಕೆಮ್ಮಿನ ಸದ್ದು ಶುರುವಾಯಿತು. ನಮ್ಮ ಡಾಕ್ಟರರು ಇಂಗ್ಲಿಷ್ ಪತ್ರಿಕೆಯನ್ನು ಎರಡು ಸಲ ಓದಿ, ಮಡಚಿ, ನನ್ನನ್ನು ಒಳಗೆ ಕರೆದರು.

"ಇದಕ್ಕ ಔಷಧ ಇಲ್ರಿ, ಕಂಪೌಂಡರ."

"ಹಂಗಾರ ಏನ ಕೊಡೂದ್ರಿ?"

"ಕೆಂಪಂದು ಕೊಡ್ರಿ. ಬರಿಗೈಲೆ ಕಳಿಸಿದ್ರ ನರಗುಂದಕ್ಕ ಹೋಗಿ ಸೂಜಿ ಚುಚ್ಚಿಸ್ಕೊಂಡ ಬರ್ತಾರ. ಹೋಗೂಮುಂದ, ಬರೂಮುಂದ ಬಸ್ಸಿನ್ಯಾಗ ಕುಂತವ್ರಿಗೆಲ್ಲಾ ಜ್ವರಾ ಹಂಚತಾರ."

ಕೊಟ್ಟೆ. ಬಹಳ ಜನ ನಾಲ್ಕೈದು ದಿನದಲ್ಲಿ ಎದ್ದು ಕೆಂಪು ಔಷಧವನ್ನು ಹೊಗಳಿದರು. ಕೆಲವರು ಏಳಲಿಲ್ಲ. ನೇಕಾರ ವೀರಪ್ಪ ಹಾಗೆ ಏಳದವರಲ್ಲೊಬ್ಬ. ಮೂವತ್ತು ವಯಸ್ಸಾಗಿರಲಿಲ್ಲ, ಮಗ್ಗದ ಮುಂದೆ ಕೂತರೆ ಮಗ್ಗವೇ ಸಣ್ಣದಾಗಿ ಕಾಣುವಂಥ ಆಳು. ಜ್ವರ ಎದೆಗಿಳಿಯಿತು, ಡಾಕ್ಟರರು ಪೆನಿಸಿಲಿನ್ ಕೊಟ್ಟರು, ಅಷ್ಟರಲ್ಲಿ ತಡವಾಗಿತ್ತು. ಮಣ್ಣು ಮಾಡಿದ ಎರಡು ದಿನಕ್ಕೆ ಅವನ ತಾಯಿ ನೀಲವ್ವ ಬಾಟಲಿ ಹಿಡಿದುಕೊಂಡು ಬಂದಳು. "ಮೂರ ಗೀಟ ಉಳದಾವ್ರಿ ಯಪ್ಪಾ. ಚೆಲ್ಲಾಕ ಮನಸಾಗಲಿಲ್ಲ. ಯಾರಿಗರೆ ಬರ್ತಾವ, ಕೊಡ್ರಿ" ಎಂದಳು. ಸತ್ತವನು ಎಲ್ಲಿಯ ತನಕ ಹೋಗಿದ್ದನೆಂಬುದನ್ನು ಇಷ್ಟು ಖಚಿತವಾಗಿ ತೋರಿಸುವ ಲೆಕ್ಕ ಕಂಪೌಂಡರನಿಗಲ್ಲದೆ ಇನ್ಯಾರಿಗೆ ಸಿಕ್ಕೀತು? ತೆಗೆದುಕೊಂಡೆ.

ಆ ವಾರದ ಕೊನೆಗೆ ನಮ್ಮ ದವಾಖಾನೆಯ ಬೆಂಚು ಹಿಂದೆಂದೂ ಕಾಣದ ದೃಶ್ಯವನ್ನು ಕಂಡಿತು. ಎದುರು ಬಂದರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ ಮೂವರು ಒಂದೇ ಹಲಗೆಯ ಮೇಲೆ ಕೂತಿದ್ದರು: ನಮ್ಮ ಡಾಕ್ಟರರು, ಪೇಟೆಯ ಹಕೀಮಸಾಹೇಬರು, ಸೂಡಿಯಿಂದ ಬಂದ ವೈದ್ಯ ಸಂಗಯ್ಯನವರು. ನಾನು ಚಹಾ ಕೊಡುವ ನೆಪದಲ್ಲಿ ಅಲ್ಲೇ ನಿಂತೆ. ಚರ್ಚೆ ಘನವಾಗಿಯೇ ನಡೆಯಿತು. ಕ್ವಿನೈನು ಮಲೇರಿಯಾಕ್ಕೆ, ಇದಕ್ಕಲ್ಲ ಎಂದು ತಳ್ಳಿದರು. ಸಲ್ಫಾ ಗುಳಿಗೆಯನ್ನೂ ತಳ್ಳಿದರು. ಪೆನಿಸಿಲಿನ್ ಎದೆ ಕೆಟ್ಟ ಮೇಲೆ ಮಾತ್ರ ಎಂದಾಯಿತು.

"ಇದರ ಹುಳಾ ಮೈಕ್ರೋಸ್ಕೋಪಿನ್ಯಾಗೂ ಕಾಣಂಗಿಲ್ಲ. ವೈರಸ್ ಅಂತಾರ" ಎಂದರು ಡಾಕ್ಟರರು.

"ಕಾಣಲಾರದ್ದಕ್ಕ ನಾವು ಮೊದಲಿಂದ ಔಷಧ ಕೊಡಕೋತ ಬಂದೇವ್ರಿ. ನಿಮಗ ಈಗ ಹೊಸದಾಗೇತಿ" ಎಂದರು ಸಂಗಯ್ಯನವರು. ಅವರದು ಅಮೃತಬಳ್ಳಿಯ ಕಷಾಯದ ಪಕ್ಷ. ಹಕೀಮಸಾಹೇಬರದು ಒಣದ್ರಾಕ್ಷಿ, ಜೇಷ್ಠಮಧು ಕುದಿಸಿದ ಕಾಢಾ.

"ನಿಮ್ಮ ಕಾಢಾದಿಂದ ಜ್ವರಾ ಇಳೀತಾವೇನ್ರಿ ಸಾಹೇಬ್ರ?"

"ಇಳೀತಾವ ಅಯ್ಯಾರ. ನಿಮ್ಮ ಕಷಾಯದಿಂದ ಎಷ್ಟ ದಿನಕ್ಕ ಇಳೀತಾವೋ ಅಷ್ಟ ದಿನಕ್ಕ."

ಒಂದು ತಾಸು ಹೀಗೆ ನಡೆಯಿತು. ನನಗೆ ಎಲ್ಲಿಂದ ಧೈರ್ಯ ಬಂದಿತೋ, ಕಪ್ಪುಬಸಿ ಎತ್ತುತ್ತಾ ಕೇಳಿಬಿಟ್ಟೆ: "ನಿಮ್ಮ ನಿಮ್ಮ ಮನ್ಯಾಗ ಬಂದ್ರ ಏನ ಕೊಡ್ತೀರ್ರಿ?"

ಮೂವರೂ ಯಾರಾದರೂ ಕೇಳುತ್ತಿದ್ದಾರೇನೋ ಎಂದು ಬಾಗಿಲಿನತ್ತ ನೋಡಿದರು. ಡಾಕ್ಟರರ ಮಗಳಿಗೆ ಆಗಲೇ ಬಂದು ಹೋಗಿತ್ತು. "ಬಿಸಿನೀರು, ಗಂಜಿ, ಹಾಸಗಿ. ಮೈ ಭಾಳ ಸುಟ್ರ ಒಂದ ಆಸ್ಪ್ರೋ ಗುಳಗಿ" ಎಂದರು ಅವರು. ಹಕೀಮಸಾಹೇಬರು ಗಡ್ಡ ನೀವಿಕೊಂಡು, "ನಾನೂ ಹಿರೇ ಸೊಸಿಗೆ ಗಂಜೀನೇ ಕೊಟ್ಟೀನಿ" ಎಂದರು. ಸಂಗಯ್ಯನವರು ಒಪ್ಪಿಕೊಳ್ಳಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೂರು ವೈದ್ಯಶಾಸ್ತ್ರಗಳು ಹುಟ್ಟಿದಂದಿನಿಂದ ಮೊದಲ ಬಾರಿಗೆ ಏಕಮತಕ್ಕೆ ಬಂದವು. ಈ ಮಾತು ಹೊರಗೆ ಹೋಗಕೂಡದೆಂಬುದರಲ್ಲೂ ಏಕಮತವೇ.

ಮೂರನೆಯ ದಿನ ಗೌರವ್ವ ಮಲಗಿದಳು. ಇಂಥ ಘನಸಭೆಯ ನಿರ್ಣಯವನ್ನು ಕಿವಿಯಾರೆ ಕೇಳಿದ ನಾನು ಹೆಂಡತಿಗೆ ಬಣ್ಣದ ನೀರು ಕುಡಿಸುವುದುಂಟೇ? ಬಿಸಿನೀರು ಕೊಟ್ಟೆ, ಗಂಜಿ ಕಾಸಿದೆ, ಹಾಸಿಗೆ ಹಾಸಿದೆ. ಪ್ರಾಮಾಣಿಕತೆಯಿಂದ ನನ್ನ ಎದೆ ಉಬ್ಬಿತ್ತು. ಆದರೆ ಒಂದು ಸಂಗತಿಯನ್ನು ಮರೆತಿದ್ದೆ. ಬದುಕುವ ಭರವಸೆಯಿಲ್ಲದ ರೋಗಿಗೆ ನಮ್ಮ ದವಾಖಾನೆಯಲ್ಲಿ ಎರಡೇ ಗೀಟಿನ ಔಷಧ. ಹೆಚ್ಚು ಕೊಟ್ಟರೆ ಸುಮ್ಮನೆ ಹಾಳು. ಮನೆಗೆ ಬಂದು ನಾನು, "ಎರಡ ಗೀಟಿಂದೊಂದು ಕತ್ತರಸ" ಎಂದರೆ ಗೌರವ್ವ ಲೊಚಗುಟ್ಟಿ, "ಯಾರ ಮನ್ಯಾಗ್ರಿ?" ಎಂದು ಕೇಳುತ್ತಿದ್ದಳು. ಈಗ ಅವಳಿಗೆ ಎರಡು ಗೀಟಿನದೂ ಇಲ್ಲ. ಔಷಧ ನಿಲ್ಲಿಸಿ, ಬೇಡಿದ್ದನ್ನು ಉಣ್ಣಿಸಿ ಎಂದು ವೈದ್ಯರು ಯಾವಾಗ ಹೇಳುತ್ತಾರೆಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಗೌರವ್ವ ಲೆಕ್ಕ ಹಾಕಿದಳು. ಗೋಡೆಯ ಕಡೆ ಹೊರಳಿದಳು. ಎರಡು ದಿನ ಗಂಜಿ ಮುಟ್ಟಲಿಲ್ಲ, ನೀರನ್ನೂ ಬೇಡವೆಂದಳು.

ಸುದ್ದಿ ಹೇಗೆ ಹೋಯಿತೋ, ಯಾವಗಲ್ ಊರಿನಿಂದ ಅವಳ ದೊಡ್ಡವ್ವ ಬಸ್ಸಿಳಿದು ಓಣಿಯ ಮೂಲೆಯಿಂದಲೇ ಅಳುತ್ತಾ ಬಂದಳು. ನನ್ನನ್ನು ಮೂಲೆಗೆ ಕರೆದು, "ಅಳ್ಯಾರ, ಖರೇ ಹೇಳ್ರಿ. ಡಾಕ್ಟರ್ ಕೈ ಬಿಟ್ಟಾರೇನು?" ಎಂದಳು.

"ಇಲ್ಲಬೇ. ಈ ಜ್ವರಕ್ಕ ಔಷಧ ಬೇಕಾಗಿಲ್ಲ."

"ಊರಿಗೆಲ್ಲಾ ಬೇಕಾದದ್ದು ನಮ್ಮ ಹುಡುಗಿಗೆ ಬ್ಯಾಡಾತು?"

ಒಳಗಿನಿಂದ ಗೌರವ್ವ ಕ್ಷೀಣ ಧ್ವನಿಯಲ್ಲಿ, "ಅವ್ರಿಗೆ ಏನೂ ಅನಬ್ಯಾಡ ದೊಡ್ಡವ್ವಾ. ನನ್ನ ಹಸರ ಇಲಕಲ್ ಸೀರಿ ನಿನಗ" ಎಂದಳು. ಆ ಸೀರೆಯನ್ನು ಅವಳು ತಂಗಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಹೆದರಿದ್ದು ಆಗ.

ಡಾಕ್ಟರರು ಬಂದು ಎದೆ ನೋಡಿದರು. "ಎದಿ ಇನ್ನೂ ಚಲೋ ಐತಿ. ಆದ್ರ ನೀರು ಕುಡೀದಿದ್ರ ಉಳ್ಯಾಂಗಿಲ್ಲ" ಎಂದರು. ಏಕಮತದ ನಿರ್ಣಯವನ್ನು ಅಲ್ಲೇ ಮುರಿದೆ. ದವಾಖಾನೆಗೆ ಓಡಿ, ಶರಬತ್ತಿನ ದೊಡ್ಡ ಬಾಟಲಿಗೆ ಕೆಂಪು ಔಷಧ ತುಂಬಿ, ನಾನೇ ಪಟ್ಟಿ ಕತ್ತರಿಸಿ ಅಂಟಿಸಿಕೊಂಡು ಬಂದೆ. ಗೌರವ್ವ ಕಣ್ಣು ತೆರೆದು ಬಾಟಲಿಯನ್ನು ನೋಡಿದಳು.

"ಸೊಟ್ಟ ಕತ್ತರಿಸೀರಿ" ಎಂದಳು. ಬೆರಳಿಟ್ಟು ಎಣಿಸಿದಳು. ನಡುವೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. "ಇಪ್ಪತ್ನಾಕ."

"ದಿನಕ್ಕ ಮೂರು."

"ಅಂದ್ರ ಎಂಟ ದಿನ. ಎಂಟ ದಿನ ಇರ್ತೀನಂತಾರೇನು ಡಾಕ್ಟರ್?"

"ಮುಗದ ಮ್ಯಾಲೆ ಮತ್ತ ಬಾಟ್ಲಿ ತರಬೇಕಂತ."

ಬಾಟಲಿಯನ್ನು ತಲೆದಿಂಬಿನ ಪಕ್ಕಕ್ಕೆ ಎಳೆದುಕೊಂಡು, "ಗಂಜಿಗೆ ಚೂರು ಉಪ್ಪ ಹಾಕ್ರಿ. ಮೊದಲ ದಿನ ಹಾಕಿರಲಿಲ್ಲ" ಎಂದಳು.

ಎಂಟು ದಿನ ಬೇಕಾಗಲಿಲ್ಲ, ಐದಕ್ಕೇ ಎದ್ದು ಕೂತಳು. ಎದ್ದವಳು ಸುಮ್ಮನಿರಬೇಕಲ್ಲ? ಬಾವಿಕಟ್ಟೆಯಲ್ಲಿ ಸಾರಿದಳು: ಗುಣ ಇರುವುದು ಗೀಟಿನಲ್ಲಿ, ಇಪ್ಪತ್ತನಾಲ್ಕಾದರೆ ಮನುಷ್ಯ ಉಳಿಯುತ್ತಾನೆ. ಮರುದಿನ ದವಾಖಾನೆಯ ಮುಂದೆ ಎಣ್ಣೆಯ ಬಾಟಲಿ, ಫಿನಾಯಿಲಿನ ಬಾಟಲಿ ಹಿಡಿದ ಜನ ಸಾಲುಗಟ್ಟಿದರು. ಡಾಕ್ಟರರು ಕಿಟಕಿಯಿಂದ ನೋಡಿ, "ತೊಳದು ತುಂಬ್ರಿ. ನೀರರೆ ಹೊಟ್ಟಿಗಿ ಹೋಗ್ತದ" ಎಂದರು. ನಾನು ಇಪ್ಪತ್ತನಾಲ್ಕರಂತೆ ಕತ್ತರಿಸುತ್ತಾ ಕೂತೆ.

ಆ ಸಾಲಿನಲ್ಲಿ ನೀಲವ್ವ ನಿಂತಿದ್ದಳು. ಕೈಯಲ್ಲಿ ಬಾಟಲಿ ಇರಲಿಲ್ಲ.

"ಯಪ್ಪಾ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಗ ಎಂಟೇ ಗೀಟ ಯಾಕ ಹಾಕಿದ್ರಿ?"

ಗೀಟಿನಲ್ಲಿ ಏನೂ ಇಲ್ಲವೆನ್ನಬಹುದಿತ್ತು. ಆದರೆ ಆಗ ಬಾಟಲಿಯಲ್ಲೂ ಏನೂ ಇರಲಿಲ್ಲವೆಂದು ಹೇಳಬೇಕಾಗುತ್ತಿತ್ತು. ವೀರಪ್ಪ ತಾಯಿಯ ಮಾತಿಗೆ ಕಟ್ಟುಬಿದ್ದು, ಮುಖ ಕಿವುಚಿಕೊಂಡು, ಐದು ಸಲ ಸುಮ್ಮನೆ ಕಹಿ ಕುಡಿದನೆಂದು ಹೇಳಬೇಕಾಗುತ್ತಿತ್ತು.

"ಅವತ್ತ ಕಾಗದ ಸಣ್ಣದಿತ್ತವ್ವಾ" ಎಂದೆ.

ಅವಳು ಅದನ್ನು ನಂಬಿದಳು. ತಲೆಯಾಡಿಸಿ, ಸೆರಗು ಸರಿಪಡಿಸಿಕೊಂಡು, "ಹೇಳಿದ್ರ ಕಾಗದ ನಾನೇ ತರ್ತಿದ್ನೆಲ್ರಿ" ಎಂದಳು. ಹಿಂದಿನವರು ಲಗೂ ಮಾಡ್ರಿ ಎಂದರು. ಅವಳು ಸಾಲು ಬಿಟ್ಟು ಸರಿದಳು. ಮುಂದಿನವನ ಬಾಟಲಿಗೆ ಪಟ್ಟಿ ಕತ್ತರಿಸಿ, ಅಂಟಿಸುವ ಮೊದಲು ಎಣಿಸಿದೆ, ಇಪ್ಪತ್ತೈದಾಗಿದ್ದವು. ವೈದ್ಯಶಾಸ್ತ್ರದ ಪರಮರಹಸ್ಯವನ್ನು ಬಲ್ಲವನು ನಾನು. ಆದರೂ ಒಂದನ್ನು ಕತ್ತರಿಸಿ ತೆಗೆಯುವ ಧೈರ್ಯ ನನಗಾಗಲಿಲ್ಲ.