ಜೀರುಂಡೆಯ ಕುಲ

ಬೆಳಗಿನ ಕಾಫಿ ಆರುವ ಮೊದಲೇ ಮನೋಹರನ ಜೀರುಂಡೆ ಕುಲಗೆಟ್ಟಿತ್ತು.

ಮನೋಹರ ಬಸವನಗುಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಎರಡು ವರ್ಷದ ಹಿಂದೆ ಕಾಲೇಜಿನ ಹಿತ್ತಲ ಪೊದೆಯಲ್ಲಿ ಹೊಸ ಜೀರುಂಡೆಯೊಂದನ್ನು ಪತ್ತೆಮಾಡಿ, ಅದಕ್ಕೆ ತರಗುಪೇಟೆಯ ಬೇಳೆ ವ್ಯಾಪಾರಿ ವೃಷಭೇಂದ್ರಪ್ಪನವರ ಹೆಸರಿಟ್ಟಿದ್ದ. ವಿಜ್ಞಾನದ ಮೇಲಿನ ಪ್ರೀತಿಗಿಂತ ಅವರ ಮಗಳು ಐಶ್ವರ್ಯಳ ಮೇಲಿನ ಪ್ರೀತಿಯೇ ಅದಕ್ಕೆ ಕಾರಣ. ಬೇರೆ ಕುಲದ ಹುಡುಗನೆಂದು ಮುಖ ತಿರುಗಿಸಿದ್ದ ಯಜಮಾನರು, ತಮ್ಮ ಹೆಸರಿನ ಹುಳದ ಫೋಟೋಗೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ ದಿನವೇ ಕರಗಿದ್ದರು. ಮನೋಹರನ ಅಪ್ಪ ಮರಿಯಣ್ಣನೂ ಒಂದೇ ಷರತ್ತಿನ ಮೇಲೆ ಒಪ್ಪಿದ್ದ: ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಎದ್ದು ಕಾಣಬೇಕು. ಇವತ್ತು ಹನ್ನೊಂದಕ್ಕೆ ಸುಲ್ತಾನ್‌ಪೇಟೆಯಲ್ಲಿ ಆ ಪತ್ರಿಕೆ ಅಚ್ಚಿಗೆ ಕೊಡುವುದಿತ್ತು.

ಅಷ್ಟರಲ್ಲಿ ಯಾರೋ ಪರದೇಶದ ವಿದ್ವಾಂಸ ರೆಕ್ಕೆಯ ಗೆರೆ ಎಣಿಸಿ, ಜೀರುಂಡೆಯನ್ನು ಒಂದು ಕುಲದಿಂದ ಎತ್ತಿ ಇನ್ನೊಂದಕ್ಕೆ ಸೇರಿಸಿದ್ದ.

“ಹುಳದ ಹೆಸರಿನ ಮುಂದೆ ಹೆಸರಿಟ್ಟೋನ ಹೆಸರೂ ಇರ್ತದೆ. ಹುಳದ ಕುಲ ಬದಲಾದ್ರೆ ಮೊದ್ಲು ಹೆಸರಿಟ್ಟೋನು ಬ್ರಾಕೆಟ್ ಒಳಗೆ ಹೋಗ್ಬೇಕು. ನೋಡು, ನನ್ನ ಹೆಂಗೆ ಕೂರ್ಸಿದಾರೆ,” ಎಂದು ಮನೋಹರ ಸಹೋದ್ಯೋಗಿ ಚಕ್ರಪಾಣಿಗೆ ಆ ವಿದ್ವಾಂಸನ ಲೇಖನ ತೋರಿಸಿ ಗೋಳಾಡಿದ. “ಯಜಮಾನ್ರಿಗೆ ಮಾತ್ರ ಹೇಳ್ಬೇಡಪ್ಪ.”

ಚಕ್ರಪಾಣಿಯ ಬಾಯಲ್ಲಿ ಮಾತು ನಿಲ್ಲುವುದುಂಟೇ? ಮನೋಹರ ಸುಲ್ತಾನ್‌ಪೇಟೆ ತಲುಪುವಷ್ಟರಲ್ಲಿ ಅವನು ಪತ್ರಿಕೆ ಅಂಗಡಿಯಲ್ಲಿ ಯಜಮಾನರ ಪಕ್ಕದಲ್ಲೇ ಕೂತಿದ್ದ.

“ಬನ್ನಿ ಮೇಷ್ಟ್ರೆ,” ಎಂದರು ವೃಷಭೇಂದ್ರಪ್ಪ. “ನಮ್ ಕುಲ ಬದಲಾಯ್ಸಕ್ಕೆ ಅವ್ನ್ಯಾರು?”

“ನಿಮ್ದಲ್ಲ ಸಾರ್, ಹುಳದ್ದು.”

“ಹುಳದ್ ಮೇಲಿರೋದು ನನ್ ಹೆಸರಲ್ವಾ? ಮೂಟೆ ಹೊರೋರೆಲ್ಲ ಕೇಳ್ತಿದಾರೆ, ಯಾವ ಕುಲಕ್ಕೆ ಹೋದ್ರಿ ಸಾವ್ಕಾರ್ರೆ ಅಂತ.”

“ಮದ್ವೆಗೆ ಮುಂಚೆನೇ ಹಿಂಗಾದ್ರೆ, ಆಮೇಲಿನ್ನೇನೋ,” ಎಂದು ಚಕ್ರಪಾಣಿ ಲೊಚಗುಟ್ಟಿದ.

ಪಾಪ, ಎರಡು ವರ್ಷ ಕಾದ ಮದುವೆ ಕಣ್ಣೆದುರೇ ಕೈತಪ್ಪುತ್ತಿತ್ತು. ಮನೋಹರ ಗಂಟಲು ಸರಿಮಾಡಿಕೊಂಡ.

“ಕುಲ ಅನ್ನೋದು ನಾವು ಅಂಟಿಸಿರೋ ಚೀಟಿ ಸಾರ್. ಹುಳಕ್ಕೆ ಅದು ಗೊತ್ತೂ ಇಲ್ಲ. ಚೀಟಿ ಬದಲಾದ್ರೆ ಅದರ ಹಾಡೇನೂ ಬದಲಾಗಲ್ಲ. ಮೊದ್ಲು ಹೆಸರಿಟ್ಟೋನು ಬ್ರಾಕೆಟ್ ಒಳಗೆ ಹೋಗ್ತಾನೆ, ಅಷ್ಟೇ.”

ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿದರು.

“ಅಂದ್ರೆ ನನ್ ಮಗಳು ನಿಮ್ ಕುಲಕ್ಕೆ ಬಂದ್ರೆ, ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟ ನಾನು ಬ್ರಾಕೆಟ್ಟಿಗೆ.” ಅವರ ದನಿ ನಡುಗಿತು.

ಮನೋಹರನಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. “ಛೆ, ಹಂಗಲ್ಲ ಸಾರ್. ಚೀಟಿ ಅಲ್ವಾ, ಯಾರದ್ ಬೇಕಾದ್ರೂ ಬದಲಾಯ್ಸಬಹುದು,” ಎಂದುಬಿಟ್ಟ.

“ಯಾರದ್ ಬೇಕಾದ್ರೂ?” ಅವರ ಮುಖ ಅರಳಿತು. ಎಲ್ಲರಿಗೂ ಕಾಫಿ ತರಿಸಿದರು. ಪೆನ್ನು ಇಸಿದುಕೊಂಡು ಒಳಗೆ ಹೋಗಿ ಪತ್ರಿಕೆಯ ಒಕ್ಕಣೆ ತಾವೇ ಬರೆದುಕೊಟ್ಟರು. ಗೆದ್ದೆನೆಂದು ಮನೋಹರ ಎರಡನೇ ಕಾಫಿಯನ್ನೂ ಕುಡಿದ.

ಮೊದಲ ಪ್ರತಿ ಬಿಸಿಬಿಸಿಯಾಗಿ ಕೈಗೆ ಬಂತು. ತರಗುಪೇಟೆ ವೃಷಭೇಂದ್ರಪ್ಪನವರ ವಂಶಕ್ಕೆ ಸೇರಿದ ಚಿ. ಮನೋಹರ್. ಅದರ ಮುಂದೆ: (ಮರಿಯಣ್ಣ).

“ಸಾರ್, ಇದು ನಮ್ಮಪ್ಪ.”

“ಹೌದು. ಈಗ ಕುಲ ಬದಲಾಗಿರೋದು ನಿಮ್ದು. ನಿಮಗೆ ಮೊದ್ಲು ಹೆಸರಿಟ್ಟೋರು ಬ್ರಾಕೆಟ್ ಒಳಗೆ. ರೂಲ್ಸು ನಿಮ್ದೇ ಮೇಷ್ಟ್ರೆ. ಸಾವಿರ ಪ್ರತಿ ಅಚ್ಚಾಗ್ತಿದೆ.”

ಮನೋಹರನ ಫೋನು ಹೊಡೆದುಕೊಂಡಿತು. ಹನುಮಂತನಗರದಿಂದ ಮರಿಯಣ್ಣ. “ಮನು, ಪತ್ರಿಕೆಲಿ ನನ್ ಹೆಸ್ರು ಎದ್ದು ಕಾಣ್ತದೆ ತಾನೇ?”

“ಕಾಣ್ತದಪ್ಪ,” ಎಂದ ಮನೋಹರ. “ಇಡೀ ಪತ್ರಿಕೆಲಿ ಬ್ರಾಕೆಟ್ ಇರೋದು ನಿನ್ನೊಬ್ಬನಿಗೇ.”