ಸೇದದವನ ಮನೆಯ ಹೊಗೆನಾತ

ಬಾಡಿಗೆಗೆ ಮನೆ ಹಿಡಿಯುವವನು ಹಿಂದಿದ್ದವರ ಚಟಗಳನ್ನೂ ಹಿಡಿದಂತೆಯೇ. ಅವರು ಹೊಡೆದ ಮೊಳೆ, ಅವರು ಸಾಕಿದ ಜಿರಳೆ, ಎಲ್ಲಕ್ಕೂ ನಾವೇ ವಾರಸುದಾರರು. ಚಾಮರಾಜನಗರದಲ್ಲಿ ನನಗೆ ಸಿಕ್ಕ ಮನೆಯಲ್ಲಿ ಹಿಂದೆ ಇದ್ದವರು ಒಂಟಿ ಮನುಷ್ಯ, ರಿಟೈರಾಗುವ ತನಕ ಅಲ್ಲೇ ಕೂತು ಸಿಗರೇಟು ಸೇದಿದವರು. ಸಾಮಾನೆಲ್ಲ ಲಾರಿಗೆ ಹೇರಿಕೊಂಡು ಹೋಗುವಾಗ ಹೊಗೆಯನ್ನು ಮಾತ್ರ ನನಗೆ ಬಿಟ್ಟುಹೋದರು. ನಾನೋ, ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ.

ಹೆಂಡತಿ ಬಾಣಂತನಕ್ಕೆ ಗುಂಡ್ಲುಪೇಟೆಯ ತವರಿನಲ್ಲಿದ್ದಳು. ಮಗಳನ್ನೂ ಮೊಮ್ಮಗನನ್ನೂ ಕಳಿಸುವ ಮೊದಲು ಮನೆ ನೋಡಿಹೋಗಲು ಅತ್ತೆ ಬಂದರು. ಹೊಸಿಲು ದಾಟಿದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಅಳಿಯಂದ್ರೇ, ಇದೇನ್ ಮನೆಯಾ, ಬೀಡಿ ಅಂಗ್ಡಿಯಾ? ಈ ನಾತದೊಳ್ಗೆ ಎಳೆಕೂಸ್ನ ಕಳ್ಸಕಾದದಾ? ಮೊದ್ಲು ನಾತ ಓಗ್ಲಿ, ಆಮ್ಯಾಕ್ ನೋಡನ ಬುಡಿ" ಎಂದು, ಕಾಫಿಯನ್ನೂ ಕುಡಿಯದೆ ವಾಪಸ್ ಬಸ್ ಹತ್ತಿದರು. ಮಗನನ್ನು ನಾನು ನೋಡುತ್ತಿದ್ದುದು ಭಾನುವಾರ ಮಾತ್ರ, ಅದೂ ಅವನು ನಿದ್ದೆಯಲ್ಲಿರುವಾಗ. ಆ ಸಂಜೆ ಖಾಲಿ ತೊಟ್ಟಿಲ ಹಗ್ಗ ಹಿಡಿದು ಕೂತಾಗ ನಿಜಕ್ಕೂ ಅಳು ಬಂತು.

ಮೊದಲು ಸಾಂಬ್ರಾಣಿ ಹಾಕಿದೆ. ಹೊಗೆಯನ್ನು ಹೊಗೆಯಿಂದ ಓಡಿಸಲು ಹೊರಟ ನನ್ನ ಬುದ್ಧಿಗೆ ಏನೆನ್ನಲಿ! ನನ್ನ ಮೂಗು ಅಷ್ಟರಲ್ಲಿ ಕೆಲಸ ನಿಲ್ಲಿಸಿದ್ದರಿಂದ ಪಕ್ಕದ ಮನೆಯ ಟೈಲರ್ ರಹಮತ್ ಸಾಹೇಬರ ಮೂಗನ್ನು ಸಾಲ ಕೇಳಿದೆ. ಅವರು ಕೊರಳ ಟೇಪನ್ನೂ ತೆಗೆಯದೆ ಬಂದು ಒಂದೊಂದೇ ಗೋಡೆ ಮೂಸಿ, "ಏನ್ ಹೇಳ್ಳಿ ಸಾರ್, ನೆನ್ನೆ ಬರೀ ಸಿಗರೇಟು ವಾಸ್ನೆ ಇತ್ತು. ಇವತ್ತು ದೇವ್ರಮನೇಲಿ ಕೂತು ಸೇದ್ದಂಗೈತೆ" ಎಂದರು. ಯಾರೋ ಹೇಳಿದರೆಂದು ನಿಂಬೆಹಣ್ಣು ಕತ್ತರಿಸಿ ಮೂಲೆಮೂಲೆಗೂ ಇಟ್ಟೆ. ಮಾರನೆಯ ದಿನ ಪಾತ್ರೆ ತೊಳೆಯುವ ಹೆಂಗಸು ಅದನ್ನು ಕಂಡು, "ಮಾಟಗೀಟದ ಸವಾಸ ಬ್ಯಾಡ ಸಾ, ನಂಗೂ ಮಕ್ಳವ್ರೆ" ಎಂದು ಕೆಲಸ ಬಿಟ್ಟಳು. ನಾತ ಬಿಡಲಿಲ್ಲ.

ಕೊನೆಗೆ ಪರದೆ ಒಗೆದು, ಗೋಡೆಗಳನ್ನು ಸೋಪುನೀರಿನಲ್ಲಿ ತಿಕ್ಕಿದೆ. ಡಿಕಾಕ್ಷನ್ನಿನಂಥ ನೀರು ಇಳಿಯಿತು. ಮೇಲೆ ಸುಣ್ಣ ಹೊಡೆಸಿದೆ. ಸಾಹೇಬರು ಮತ್ತೆ ಮೂಸಿ "ಕ್ಲೀನ್ ಸಾರ್" ಎಂದಾಗ ಅವರನ್ನು ತಬ್ಬಿಕೊಂಡೇಬಿಟ್ಟೆ.

ಚರ್ಮ ಉರಿಯುವಷ್ಟು ಬೇವಿನ ಸೋಪು ತಿಕ್ಕಿಕೊಂಡು ಗುಂಡ್ಲುಪೇಟೆಗೆ ಓಡಿದೆ. ಅತ್ತೆ ನನ್ನ ಅಂಗಿ ಮೂಸಿ, ಮೆಚ್ಚಿ, ಮಗುವನ್ನು ಕೈಗಿತ್ತರು. ಇತ್ತಿದ್ದೇ ತಡ, ಅವನು ಬೀದಿ ಒಟ್ಟಾಗುವಂತೆ ಕಿರುಚಿದ. ಹೆಂಡತಿ ಎತ್ತಿಕೊಂಡರೂ ನಿಲ್ಲಿಸಲಿಲ್ಲ. ಆಗ ಹಿತ್ತಿಲಿನಿಂದ ಮಾವ ಬಂದರು, ಕಿವಿಯ ಸಂದಿಯಲ್ಲಿ ಅರ್ಧ ಸೇದಿದ ಬೀಡಿ. ಮಗುವನ್ನು ಹೆಗಲಿಗೆ ಹಾಕಿಕೊಂಡರು. ನನ್ನ ಮಗ ಅವರ ಬೀಡಿನಾತದ ಟವಲಿಗೆ ಮೂಗು ಒತ್ತಿ ಸುಖವಾಗಿ ಕಣ್ಣು ಮುಚ್ಚಿದ.

"ಅತ್ತೆ, ಮಾವನ ಬೀಡಿ ವಾಸನೆ..." ಎಂದೆ.

"ಅವರ್ದಾ? ಅದೆಲ್ ನಾತ ಬುಡಿ! ಇಷ್ಟ್ ವರ್ಸ ಸಂಸಾರ ಮಾಡಿವ್ನಿ, ನಂಗ್ ಒಂದಿನಾನೂ ಬಂದಿಲ್ಲ. ಕೂಸು ಅವರ ಎಗಲಿಲ್ದೆ ಮಲಗಕಿಲ್ಲ, ಅವರ್ನೂ ಕರ್ಕೊಂಡೋಗಿ."

ಈಗ ಮಾವ ನನ್ನ ಹೊಸ ಸುಣ್ಣದ ಗೋಡೆಗೆ ಒರಗಿ ಕೂರುತ್ತಾರೆ. ಹೊರಗೆ ಹೋಗಿ ಸೇದಿ ಎನ್ನಲು ನನಗೆ ಬಾಯಿಲ್ಲ. ಅವರು ಪೇಟೆಗೆ ಹೋದಾಗ ಮಗನನ್ನು ಎತ್ತಿಕೊಳ್ಳುವ ಸರದಿ ನನ್ನದು. ಎತ್ತಿಕೊಳ್ಳುವ ಮೊದಲು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಾವನ ಟವಲನ್ನು ನನ್ನ ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ.