ಗಂಗವ್ವನ ಪಾಲಿನ ಕಡಬು

ಮಡಿವಾಳಪ್ಪ ಮಾಸ್ತರರ ಕಡಲಯಾತ್ರೆ ಕೆಟ್ಟದ್ದು ಐದು ಹೂರಣಗಡಬಿನಿಂದ.

ಸಿಂದಗಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅವರು ಎಷ್ಟೋ ವರ್ಷ ಪುಸ್ತಕ ನೋಡಿಯೇ ಹಲಗೆಯ ಮೇಲೆ ಹವಳ ಬರೆದವರು. ಅದರ ನಿಜವಾದ ಬಣ್ಣವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದೇ ಅವರಿಗಿದ್ದ ಒಂದೇ ಆಸೆ. ಒಬ್ಬರೇ ಹೋಗೋಣವೆಂದರೆ ಓಣಿಯವರು ಬಿಡಬೇಕಲ್ಲ? ಕೊಂಕಣದ ಕಡಲಿಗೆ ಹೊರಟ ಕ್ರೂಸರ್ ಗಾಡಿಯಲ್ಲಿ ಅರ್ಧ ಓಣಿಯೇ ತುಂಬಿಕೊಂಡಿತ್ತು.

ಅಲ್ಲಿಯ ಸಾಗರ ಉದ್ಯಾನದ ದೋಣಿಗೆ ತಳದಲ್ಲಿ ಗಾಜು ಕೂಡಿಸಿದ್ದರು. ಹವಳದ ದಿಬ್ಬ ಬಂದಾಗ ಅದರೊಳಗಿಂದ ನೋಡಬೇಕು. ನೀರಿಗೆ ಒಂದು ಅಗುಳು ಬಿದ್ದರೂ ದೋಣಿಯನ್ನು ಅಲ್ಲಿಂದಲೇ ತಿರುಗಿಸುತ್ತೇನೆಂದು ಜೊತೆಗೆ ಬರುವ ಉದ್ಯಾನದ ಕಾವಲುಗಾರ ಹತ್ತುವಾಗಲೇ ಎಚ್ಚರಿಸಿದ್ದ. ದಂಡೆ ಬಿಟ್ಟ ಕೂಡಲೇ ಪಕ್ಕದ ಮನೆಯ ಕಸ್ತೂರೆವ್ವ ಸೆರಗಿನಡಿಯಿಂದ ಕಡಬಿನ ಗಂಟು ತೆಗೆದಳು. ಆಲಮೇಲದಲ್ಲಿ ಹುಟ್ಟಿದ ಆಕೆ ನೀರಿನ ತಾಯಿ ಗಂಗವ್ವನಿಗೆ ಎಡೆ ಕೊಡದೆ ಭೀಮಾ ನದಿಯನ್ನೇ ದಾಟಿದವಳಲ್ಲ, ಇದಂತೂ ಸಮುದ್ರ.

ಮಾಸ್ತರರಿಗೆ ಮೈಯೆಲ್ಲ ಉರಿಯಿತು. ಗಂಟನ್ನು ಕಸಿದುಕೊಂಡರು.

“ಕಾಕು, ನಿಮ್ಮ ಕಡಬಿನ ಸಲುವಾಗಿ ನನ್ನ ಜಲ್ಮದ ಆಸಿ ಮುಳುಗಿಸ್ತೀರೇನ್ರಿ?”

“ಗಂಗವ್ವನ ಹೆಸರಿಲೆ ಮೀಸಲ ತಗದದ್ದು, ಮಾಸ್ತರ್ರ. ತಿರುಗಿ ಮನಿಗಿ ಒಯ್ಯಾಕ ಬರಂಗಿಲ್ಲ,” ಎಂದು ಕಸ್ತೂರೆವ್ವ ಕಣ್ಣೊರೆಸಿಕೊಂಡಳು.

ಎದುರು ಮನೆಯ ಸಿದ್ದೀಕಾ ಕೇಳದೆಯೇ ತೀರ್ಪು ಕೊಟ್ಟಳು: ನೀರಿಗೂ ಬೇಡ, ಮನೆಗೂ ಬೇಡವೆಂದರೆ ಕಸಿದುಕೊಂಡವರೇ ತಿಂದು ಮುಗಿಸಲಿ. ಇಡೀ ದೋಣಿ ಹೌದೆಂದಿತು. ಕಸ್ತೂರೆವ್ವನೂ ಒಪ್ಪಿ, ಒಂದೂ ಉಳಿಯಬಾರದೆಂದು ಹೇಳಿ, ಮೇಲೆ ತುಪ್ಪ ಸುರಿದಳು.

ಎಂಥ ಅನ್ಯಾಯ ನೋಡಿ! ನಿಯಮ ಮುರಿಯ ಹೊರಟವರಿಗೆ ಕನಿಕರ, ತಡೆದವರಿಗೆ ಶಿಕ್ಷೆ. ಮಾಸ್ತರರು ಹಲ್ಲು ಕಡಿಯುತ್ತಲೇ ಕಡಬನ್ನೂ ಕಡಿದರು. ಕೊನೆಯದು ಗಂಟಲಿಳಿಯುವ ಹೊತ್ತಿಗೆ ದೋಣಿ ಹಳ್ಳಕ್ಕಿಳಿದ ಎತ್ತಿನ ಬಂಡಿಯಂತೆ ಓಲಾಡತೊಡಗಿತು.

ಹವಳದ ದಿಬ್ಬ ಬಂತೆಂದು ದೋಣಿಯವನು ಕೂಗಿದ. ಎಲ್ಲರೂ ಗಾಜಿನ ಮೇಲೆ ಬಗ್ಗಿದರು. ಮಾಸ್ತರರೂ ಬಗ್ಗಿದರು, ಆದರೆ ದೋಣಿಯ ಅಂಚಿನಿಂದ ಆಚೆಗೆ. ತಿಂದದ್ದೆಲ್ಲ ಕಡಲು ಸೇರಿತು. ಎಲ್ಲೆಲ್ಲಿಂದಲೋ ಮೀನುಗಳು ಹಿಂಡುಗಟ್ಟಿ ಬಂದವು. ಗಾಜಿನ ಮೇಲಿದ್ದವರು ಕೆಂಪು ನೋಡಿ, ನೇರಳೆ ನೋಡಿ ಎಂದು ಸಂಭ್ರಮಪಟ್ಟರು. ಮಾಸ್ತರರಿಗೆ ಕಣ್ಣು ತೆರೆಯುವುದೇ ಆಗಲಿಲ್ಲ.

ಕಾವಲುಗಾರ ಮಾತಿಗೆ ತಪ್ಪುವವನಲ್ಲ. ಬಿದ್ದದ್ದು ಕೈಯಿಂದಲೋ ಬಾಯಿಂದಲೋ ತನಗೆ ಬೇಕಿಲ್ಲವೆಂದು ದೋಣಿಯನ್ನು ತಿರುಗಿಸಿದ. ಮಾಸ್ತರರು ಮುಖ ಒರೆಸಿಕೊಂಡು ಓಡಿಬಂದು ಗಾಜಿನೊಳಗೆ ಇಣುಕಿದಾಗ ಕೆಳಗೆ ಬರೀ ಮರಳು ಕಾಣುತ್ತಿತ್ತು.

ಕಸ್ತೂರೆವ್ವ ಮಾತ್ರ ಸಮುದ್ರಕ್ಕೆ ಕೈ ಮುಗಿದು, ಬಂದು ಅವರ ಬೆನ್ನು ಸವರಿದಳು.

“ಚಿಂತಿ ಬಿಡ್ರಿ ಮಾಸ್ತರ್ರ. ಆಕಿದು ಆಕಿಗೆ ಮುಟ್ಟಿತು.”